ಬಿಳಿ ಬೆಟ್ಟದ ಸುತ್ತ ಎರಡು ರಾತ್ರಿಗಳ ಓಟ

ಆಗಸ್ಟ್ ತಿಂಗಳ ಕೊನೆಯ ವಾರ. ಶುಕ್ರವಾರ ಸಂಜೆ. ಫ್ರಾನ್ಸ್ ದೇಶದ ಶಾಮೋನಿ ಎಂಬ ಬೆಟ್ಟದ ಪೇಟೆಯಲ್ಲಿ ಸಂತ ಮಿಖಾಯೇಲರ ದೇವಾಲಯವೊಂದಿದೆ. ಅದರ ಮುಂದಿನ ಚೌಕದಲ್ಲಿ ಅಂದು ಕಾಲಿಡಲು ಜಾಗವಿರುವುದಿಲ್ಲ. ಬೆನ್ನಿಗೆ ಪುಟ್ಟ ಚೀಲ ಕಟ್ಟಿಕೊಂಡ ಸುಮಾರು 2,500 ಮಂದಿ ಹೆಗಲಿಗೆ ಹೆಗಲು ತಾಗಿಸಿ ನಿಂತಿರುತ್ತಾರೆ. ಕೆಲವರು ಕಣ್ಣು ಮುಚ್ಚಿಕೊಂಡಿರುತ್ತಾರೆ, ಕೆಲವರು ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಬೇಲಿಯಾಚೆ ಅಪ್ಪನನ್ನೋ ಅಮ್ಮನನ್ನೋ ಬೀಳ್ಕೊಡಲು ಬಂದ ಮಕ್ಕಳು ಕೈಬೀಸುತ್ತಾರೆ. ಓಟಕ್ಕೆ ಅಪ್ಪಣೆಯಾಗುತ್ತದೆ. ಅವರೆಲ್ಲ ಊರು ದಾಟಿ ಕಾಡು ಸೇರುತ್ತಾರೆ.

ಅವರು ಮರಳಿ ಬರಬೇಕಾದದ್ದು ಇದೇ ಚೌಕಕ್ಕೆ, ಇದೇ ದೇವಾಲಯದ ಎದುರಿಗೆ. ಆದರೆ ನಡುವೆ ಒಂದು ದೊಡ್ಡ ಬೆಟ್ಟವನ್ನು ಪೂರ್ತಿಯಾಗಿ ಸುತ್ತಬೇಕು. ಆ ಬೆಟ್ಟವೇ ಮೋಂ ಬ್ಲಾಂ. ಹೆಸರಿನ ಅರ್ಥ ಬಿಳಿ ಬೆಟ್ಟ. ಸುಮಾರು 4,806 ಮೀಟರ್ ಎತ್ತರದ ಈ ಹಿಮಶಿಖರವೇ ಆಲ್ಪ್ಸ್ ಪರ್ವತಗಳಲ್ಲೆಲ್ಲ ಎತ್ತರವಾದದ್ದು. ಓಟಕ್ಕೆ 'ಅಲ್ಟ್ರಾ ಟ್ರೇಲ್ ಮೋಂ ಬ್ಲಾಂ' ಎಂದು ಹೆಸರು. ಡಾಂಬರು ರಸ್ತೆಯನ್ನು ಬಿಟ್ಟು ಕಾಲುಹಾದಿಯಲ್ಲಿ, ಕಾಡಿನಲ್ಲಿ, ಬೆಟ್ಟದಲ್ಲಿ ಓಡುವ ಕ್ರೀಡೆಗೆ ಟ್ರೇಲ್ ರನ್ನಿಂಗ್ ಎನ್ನುತ್ತಾರೆ. ಆ ಕ್ರೀಡೆಯನ್ನು ಬಲ್ಲವರಿಗೆ ಇದಕ್ಕಿಂತ ದೊಡ್ಡ ಹೆಸರಿಲ್ಲ.

ದೂರ ಸುಮಾರು 170 ಕಿಲೋಮೀಟರಿಗಿಂತ ಮೇಲೆ. ನಮ್ಮ ಕಾಸರಗೋಡಿನಿಂದ ಕೋಝಿಕ್ಕೋಡಿಗೆ ಹೆಚ್ಚುಕಡಿಮೆ ಅಷ್ಟೇ ದೂರ. ಅದಾದರೂ ಸಮತಟ್ಟಾದ ದಾರಿ. ಇಲ್ಲಿ ಹತ್ತಬೇಕಾದ ಏರುಗಳನ್ನೆಲ್ಲ ಕೂಡಿಸಿದರೆ ಸುಮಾರು 10,000 ಮೀಟರ್ ಆಗುತ್ತದೆ. ನಮ್ಮ ಜಿಲ್ಲೆಯ ರಾಣಿಪುರಂ ಬೆಟ್ಟದ ಎತ್ತರ ಸಾವಿರ ಮೀಟರಿನಷ್ಟು. ಬೇಕಲದ ಸಮುದ್ರದಂಡೆಯಿಂದ ಹೊರಟು ರಾಣಿಪುರಂ ತುದಿಯನ್ನು ಒಮ್ಮೆಯಲ್ಲ, ಹತ್ತು ಸಲ ಹತ್ತಿ ಹತ್ತು ಸಲ ಇಳಿದಷ್ಟು ಶ್ರಮ ಇದು. ಕೊಡುವ ಅವಧಿ 46 ಗಂಟೆ 30 ನಿಮಿಷ. ಅಂದರೆ ಹೆಚ್ಚಿನವರಿಗೆ ಎರಡು ರಾತ್ರಿ ನಿದ್ದೆಯಿಲ್ಲ.

ಇಂಥ ಓಟದ ಕತೆ ನಮ್ಮ ಧರ್ಮಕೇಂದ್ರದ ಕುಟುಂಬ ಪತ್ರಿಕೆಗೆ ಏಕೆ ಎಂದು ಓದುಗರು ಕೇಳಬಹುದು. ಮುಂದೆ ಓದಿ. ಉತ್ತರ ದಾರಿಯಲ್ಲೇ ಸಿಗುತ್ತದೆ.

ಮೂರು ದೇಶ, ಒಂದೇ ದಾರಿ

ಈ ದಾರಿ ಓಟಕ್ಕಾಗಿ ಮಾಡಿದ್ದಲ್ಲ. ಕುರುಬರು, ವ್ಯಾಪಾರಿಗಳು, ಯಾತ್ರಿಕರು ನೂರಾರು ವರ್ಷ ನಡೆದು ಸವೆಸಿದ ಹಾದಿಗಳು ಇವು. 1767ರಲ್ಲಿ ಜಿನೀವಾದ ವಿಜ್ಞಾನಿ ಸೊಸ್ಯೂರ್ ಈ ಬೆಟ್ಟವನ್ನು ಸುತ್ತಿ ಬಂದರು. ಇಂದಿಗೂ ಸಾವಿರಾರು ಜನ ಇದನ್ನು ನಡೆದೇ ಮುಗಿಸುತ್ತಾರೆ. ಅವರಿಗೆ ಒಂದು ವಾರದಿಂದ ಹನ್ನೊಂದು ದಿನ ಬೇಕು.

ಶಾಮೋನಿಯಿಂದ ಹೊರಟವರು ಮೊದಲ ರಾತ್ರಿ ಲೇ ಕೋಂತಾಮಿನ್ ಎಂಬ ಹಳ್ಳಿಯನ್ನು ದಾಟುತ್ತಾರೆ. ಹಳ್ಳಿಯಾಚೆ ಕಣಿವೆ ಕಿರಿದಾಗುತ್ತದೆ. ಅಲ್ಲಿ ತೊರೆಯ ಪಕ್ಕದಲ್ಲಿ ಮಾತೆ ಮರಿಯಳ ಹಳೆಯ ಪುಣ್ಯಕ್ಷೇತ್ರವೊಂದಿದೆ. ನೋತ್ರ್ ದಾಮ್ ದ ಲಾ ಗೋರ್ಜ್, ಅಂದರೆ ಕಮರಿಯ ಮಾತೆ. ಮುಂದೆ ಬೆಟ್ಟ ಹತ್ತಲಿದ್ದ ಯಾತ್ರಿಕರು ಇಲ್ಲಿ ಪ್ರಾರ್ಥಿಸಿ ಹೆಜ್ಜೆ ಇಡುತ್ತಿದ್ದರು. ದೇವಾಲಯದ ಆಚೆಗೇ ರೋಮನ್ ದಾರಿ ಎಂದು ಕರೆಯುವ ಕಲ್ಲುಹಾಸಿನ ಏರು ಶುರು. ಓಟಗಾರರಿಗೂ ನಿಜವಾದ ಪರೀಕ್ಷೆ ಇಲ್ಲಿಂದಲೇ. ಏರು ಮುಗಿಯುವುದು 2,479 ಮೀಟರ್ ಎತ್ತರದ ಘಾಟಿಯೊಂದರಲ್ಲಿ. ಆ ಘಾಟಿಯ ಹೆಸರಿನಲ್ಲೂ ಶಿಲುಬೆಯಿದೆ: ಕೋಲ್ ದ ಲಾ ಕ್ರುವಾ ದ್ಯು ಬೊನಾಮ್. ಕತ್ತಲಲ್ಲಿ ಹಿಂದೆ ತಿರುಗಿ ನೋಡಿದರೆ ತಲೆಗೆ ಕಟ್ಟಿದ ಟಾರ್ಚುಗಳ ಬೆಳಕಿನ ಸಾಲು ಕಾಣುತ್ತದೆ. ನಮ್ಮ ಹಬ್ಬದ ಮೆರವಣಿಗೆಯ ಮೇಣದ ಬತ್ತಿಗಳಂತೆ ಅದು ಬೆಟ್ಟದುದ್ದಕ್ಕೂ ಹಬ್ಬಿರುತ್ತದೆ.

ಕೋಲ್ ದ ಲಾ ಸೇನ್ಯ್ ಎಂಬ ಮತ್ತೊಂದು ಘಾಟಿ ದಾಟಿದರೆ ಇಟಲಿ. ಬೆಳಕು ಹರಿಯುವಾಗ ಎಡಗಡೆ ಮೋಂ ಬ್ಲಾಂನ ಕಡಿದಾದ ಗೋಡೆ, ಕೆಳಗೆ ಹಿಮನದಿಗಳು, ಹುಲ್ಲುಗಾವಲಿನಲ್ಲಿ ಹಸುಗಳ ಕೊರಳಗಂಟೆ. ಸುಮಾರು 80 ಕಿಲೋಮೀಟರಿಗೆ ಕೂರ್ಮಾಯರ್ ಪೇಟೆ ಸಿಗುತ್ತದೆ. ಇಲ್ಲಿ ಬಟ್ಟೆ ಬದಲಿಸಬಹುದು, ಬಿಸಿ ಊಟ ಮಾಡಬಹುದು. ಮತ್ತೆ ಏರು. 2,537 ಮೀಟರ್ ಎತ್ತರದ ಗ್ರಾನ್ ಕೋಲ್ ಫೆರ್ರೆ ದಾಟಿದರೆ ಸ್ವಿಟ್ಜರ್ಲೆಂಡ್. ಕೆರೆದಂಡೆಯ ಶಾಂಪೆ, ಗುಲಾಬಿ ಬಣ್ಣದ ದೇವಾಲಯವಿರುವ ತ್ರಿಯಾಂ, ಎರಡನೆಯ ರಾತ್ರಿ, ಮತ್ತೆ ಫ್ರಾನ್ಸ್. ಕೊನೆಯ ಏರು ಹತ್ತಿ ಇಳಿದರೆ ಶಾಮೋನಿ.

ಬೆಂಕಿಯ ನಂತರ ಹುಟ್ಟಿದ ಓಟ

ಇದಕ್ಕೆ ಮುಂಚೆ ಇದೇ ದಾರಿಯಲ್ಲಿ ತಂಡಗಳು ಸರದಿಯಂತೆ ಓಡುವ ಸ್ಪರ್ಧೆಯೊಂದಿತ್ತು. 1999ರ ಮಾರ್ಚ್ 24ರಂದು ಮೋಂ ಬ್ಲಾಂ ಅಡಿಯ ಸುರಂಗದಲ್ಲಿ ಲಾರಿಯೊಂದಕ್ಕೆ ಬೆಂಕಿ ಹತ್ತಿ 39 ಜನ ಸತ್ತರು. ಫ್ರಾನ್ಸ್ ಮತ್ತು ಇಟಲಿಯನ್ನು ಜೋಡಿಸುವ ಆ ಸುರಂಗ ಮೂರು ವರ್ಷ ಮುಚ್ಚಿತು. ಓಟವೂ ನಿಂತಿತು. 2003ರಲ್ಲಿ ಶಾಮೋನಿಯ ಕ್ಯಾಥರಿನ್ ಮತ್ತು ಮಿಷೆಲ್ ಪೊಲೆಟ್ಟಿ ದಂಪತಿ ಗೆಳೆಯರೊಡನೆ ಸೇರಿ, ಒಬ್ಬನೇ ಇಡೀ ಸುತ್ತನ್ನು ಓಡುವ ಹೊಸ ಓಟ ಆರಂಭಿಸಿದರು. ಆ ವರ್ಷ ಮಳೆ, ಚಳಿ. ಸುಮಾರು 700 ಮಂದಿ ಹೊರಟರು, ಪೂರ್ತಿ ಸುತ್ತು ಮುಗಿಸಿದವರು 67 ಮಂದಿ ಮಾತ್ರ. ಮೊದಲು ಬಂದವರು ನೇಪಾಳದಲ್ಲಿ ಹುಟ್ಟಿದ ದಾವಾ ಶೆರ್ಪಾ. ಅವರಿಗೆ ಹಿಡಿದದ್ದು ಸುಮಾರು 20 ಗಂಟೆ. 2022ರಲ್ಲಿ ಸ್ಪೇನ್ ದೇಶದ ಕಿಲಿಯನ್ ಜೋರ್ನೆಟ್ ಮೊದಲ ಬಾರಿಗೆ 20 ಗಂಟೆಯೊಳಗೆ ಬಂದು ಮುಟ್ಟಿದರು. ಅದು ಅವರ ನಾಲ್ಕನೆಯ ಗೆಲುವು.

ಗೆದ್ದವರ ಪಟ್ಟಿಯಲ್ಲಿ ನಮ್ಮ ಹಿರಿಯರಿಗೆ ಹಿಡಿಸುವ ಹೆಸರೊಂದಿದೆ. ಇಟಲಿಯ ಮಾರ್ಕೊ ಓಲ್ಮೊ. 1948ರಲ್ಲಿ ಹುಟ್ಟಿದ ಇವರು ಕಲ್ಲುಕ್ವಾರಿಯಲ್ಲಿ ದುಡಿದವರು. 2006 ಮತ್ತು 2007ರಲ್ಲಿ ಎರಡು ವರ್ಷ ಸತತವಾಗಿ ಗೆದ್ದರು. ಎರಡನೆಯ ಗೆಲುವಿನಲ್ಲಿ ವಯಸ್ಸು 58! ಮಗನ ವಯಸ್ಸಿನವರು ಹಿಂದೆ ಉಳಿದರು. ಇಷ್ಟು ದೂರದ ಓಟದಲ್ಲಿ ಕಾಲಿನ ವೇಗಕ್ಕಿಂತ ತಾಳ್ಮೆ ಹೆಚ್ಚು ಕೆಲಸ ಮಾಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಓಟದಲ್ಲಿ ನಡಿಗೆ

ಇನ್ನೊಂದು ಸಂಗತಿ ಹಲವರಿಗೆ ಅಚ್ಚರಿ ತರಬಹುದು. ಕಡಿದಾದ ಏರು ಬಂದಾಗ ಓಟಗಾರರು ಓಡುವುದಿಲ್ಲ, ನಡೆಯುತ್ತಾರೆ. ಮುಂಚೂಣಿಯಲ್ಲಿರುವವರೂ ನಡೆಯುತ್ತಾರೆ. ಕೈಯಲ್ಲಿ ಹಗುರವಾದ ಎರಡು ಕೋಲು ಹಿಡಿದು, ಮೈ ಮುಂದೆ ಬಾಗಿಸಿ, ಉಸಿರಿಗೆ ತಕ್ಕಂತೆ ಹೆಜ್ಜೆ. ಏರಿನಲ್ಲಿ ಬಿರುಸಾಗಿ ಓಡಿದವನು ಮುಂದಿನ ಏರಿನಲ್ಲಿ ಕುಳಿತುಬಿಡುತ್ತಾನೆ.

ಕಾಲನ್ನು ನಿಜವಾಗಿ ದಣಿಸುವುದು ಇಳಿಜಾರು. ಇಳಿಯುವಾಗ ಪ್ರತಿ ಹೆಜ್ಜೆಯಲ್ಲೂ ಮೈಯ ಭಾರವನ್ನು ತಡೆಯುವ ಕೆಲಸ ತೊಡೆಯ ಮುಂಭಾಗದ ಸ್ನಾಯುಗಳದ್ದು. ಎಳೆದುಕೊಂಡಿರುವಾಗಲೇ ಬಿಗಿಯಬೇಕಾದ್ದರಿಂದ ಅವುಗಳ ಎಳೆಗಳು ಸಣ್ಣಗೆ ಹರಿಯುತ್ತವೆ. ಬೆಟ್ಟದ ಕ್ಷೇತ್ರಕ್ಕೆ ಹೋಗಿ ಬಂದ ಮರುದಿನ ಮೆಟ್ಟಿಲು ಇಳಿಯಲಾಗದೆ ಗೋಡೆ ಹಿಡಿದವರಿಗೆ ಇದು ಗೊತ್ತು. ಹಸಿವು, ನಿದ್ದೆ, ಪಾದದ ಬೊಕ್ಕೆ, ವಾಕರಿಕೆ ಇವೆಲ್ಲ ಜೊತೆಗೆ. ಎರಡನೆಯ ರಾತ್ರಿ ಕಲ್ಲು ಮನುಷ್ಯನಂತೆಯೂ ಮರ ಮನೆಯಂತೆಯೂ ಕಂಡಿತೆಂದು ಹೇಳುವ ಓಟಗಾರರು ಅನೇಕರಿದ್ದಾರೆ.

ಹೀಗಿರುವಾಗ ಒಬ್ಬನೇ ಮುಗಿಸುವ ಓಟ ಇದಲ್ಲ. ಎರಡು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ದಾರಿಯುದ್ದಕ್ಕೂ ಸೂಪು, ಬ್ರೆಡ್ಡು, ಚಹಾ ಹಿಡಿದು ರಾತ್ರಿಯಿಡೀ ನಿಂತಿರುತ್ತಾರೆ. ಗೊತ್ತುಪಡಿಸಿದ ಕೆಲವೇ ತಾಣಗಳಲ್ಲಿ ಮನೆಯ ಒಬ್ಬರು ಬಂದು ನೆರವಾಗಬಹುದು. ಬಸ್ಸು ಹಿಡಿದು ಊರಿಂದೂರಿಗೆ ಹೋಗಿ, ಒಣ ಕಾಲುಚೀಲ ಹಿಡಿದು, ಬರುವ ಹೊತ್ತಿಗಾಗಿ ಕಾದು ಕುಳಿತ ಹೆಂಡತಿ, ಗಂಡ, ಮಕ್ಕಳಿಗೂ ಆ ಎರಡು ರಾತ್ರಿ ನಿದ್ದೆಯಿಲ್ಲ.

2018ರಲ್ಲಿ ಇಂಗ್ಲೆಂಡಿನ ಸೋಫಿ ಪವರ್ ಎಂಬ ತಾಯಿ ಈ ಓಟದಲ್ಲಿದ್ದರು. ಮಗುವಿಗೆ ಮೂರು ತಿಂಗಳು. ಕೂರ್ಮಾಯರ್ ತಾಣದಲ್ಲಿ ಗಂಡ ಮಗುವನ್ನು ತಂದುಕೊಟ್ಟರು. ಬೆವರಿದ ಬಟ್ಟೆಯಲ್ಲೇ ಕುಳಿತು ಆಕೆ ಹಾಲೂಡಿಸಿದರು. ಪಕ್ಕದಲ್ಲಿ ದಣಿದ ಓಟಗಾರನೊಬ್ಬ ಕಾಲು ಚಾಚಿ ಮಲಗಿದ್ದ. ಆ ಛಾಯಾಚಿತ್ರ ಲೋಕವೆಲ್ಲ ಸುತ್ತಿತು. ಹಿಂದೊಮ್ಮೆ ಬಸುರಿಯಾದಾಗ ಆಕೆಯ ಸ್ಥಾನವನ್ನು ಮುಂದಿನ ವರ್ಷಕ್ಕೆ ಕಾದಿರಿಸಲು ಅವಕಾಶವಿರಲಿಲ್ಲ. ಚಿತ್ರ ಎಬ್ಬಿಸಿದ ಚರ್ಚೆಯ ನಂತರದ ವರ್ಷಗಳಲ್ಲಿ ಬಸುರಿಯರಿಗೆ ಆ ಅವಕಾಶ ಸಿಕ್ಕಿತು. ಆಕೆ ಹತ್ತಿರ ಹತ್ತಿರ 44 ಗಂಟೆಗಳಲ್ಲಿ ಓಟ ಮುಗಿಸಿದರು.

ಕುರುಬನ ಗುಹೆ

ಬೆಟ್ಟ ಸುಂದರ, ಆದರೆ ಅದಕ್ಕೆ ದಾಕ್ಷಿಣ್ಯವಿಲ್ಲ. ಶಾಮೋನಿಯ ಓಟದಲ್ಲಿ ಪ್ರತಿಯೊಬ್ಬನ ಚೀಲದಲ್ಲಿ ಎರಡು ಟಾರ್ಚ್, ಮಳೆ ತಡೆಯುವ ಅಂಗಿ, ಮೈ ಬೆಚ್ಚಗಿಡುವ ತೆಳು ಹೊದಿಕೆ, ಸೀಟಿ, ನೀರು, ಆಹಾರ, ಮೊಬೈಲ್ ಇರಲೇಬೇಕು. 2010ರಲ್ಲಿ ಬಿರುಗಾಳಿ ಮಳೆಯಿಂದಾಗಿ ಹೊರಟ ಕೆಲವೇ ಗಂಟೆಗಳಲ್ಲಿ ಓಟವನ್ನು ನಿಲ್ಲಿಸಲಾಯಿತು. 2012ರಲ್ಲಿ ಹಿಮ ಬಿದ್ದು ದಾರಿ ಮೊಟಕಾಯಿತು. 2021ರಲ್ಲಿ ಇದೇ ಕೂಟದ ಇನ್ನೊಂದು ಓಟದಲ್ಲಿ ರಾತ್ರಿ ಇಳಿಜಾರಿನಲ್ಲಿ ಬಿದ್ದು ಓಟಗಾರರೊಬ್ಬರು ಪ್ರಾಣಬಿಟ್ಟರು.

ಅದೇ ವರ್ಷ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನಡೆದದ್ದು ಇನ್ನೂ ಘೋರ. ನೂರು ಕಿಲೋಮೀಟರಿನ ಬೆಟ್ಟದ ಓಟ. 172 ಮಂದಿ ತೆಳ್ಳನೆಯ ಬಟ್ಟೆಯಲ್ಲಿ ಹೊರಟಿದ್ದರು. ಬೆಚ್ಚಗಿನ ಅಂಗಿ ಒಯ್ಯಲೇಬೇಕೆಂಬ ನಿಯಮ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಾಳಿ, ಆಲಿಕಲ್ಲು, ಕೊರೆಯುವ ಮಳೆ. 21 ಜನ ಚಳಿಗೆ ಸತ್ತರು. ಚೀನಾದ ಹೆಸರಾಂತ ಓಟಗಾರರೂ ಅವರಲ್ಲಿದ್ದರು.

ಆ ದಿನ ಝು ಕೆಮಿಂಗ್ ಎಂಬ ಕುರುಬ ಅದೇ ಬೆಟ್ಟದಲ್ಲಿ ಕುರಿ ಮೇಯಿಸುತ್ತಿದ್ದ. ಮಳೆಗೆ ತನ್ನ ಗುಹೆಯಲ್ಲಿ ಆಸರೆ ಪಡೆದಿದ್ದ. ಹೊರಗೆ ಒಬ್ಬ ನಡುಗುತ್ತಾ ನಿಂತದ್ದು ಕಂಡಿತು. ಕರೆತಂದ, ಬೆಂಕಿ ಹಾಕಿದ, ಕೈಕಾಲು ತಿಕ್ಕಿದ, ಹೊದಿಸಿದ. ಮತ್ತೆ ಹೊರಗೆ ಹೋದ. ಹೀಗೆ ಮೂವರು ಗಂಡಸರನ್ನೂ ಮೂವರು ಹೆಂಗಸರನ್ನೂ ಉಳಿಸಿದ. ಒಳ್ಳೆಯ ಕುರುಬನ ಸಾಮತಿಯನ್ನು ನಾವು ದೇವಾಲಯದಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಬೆಟ್ಟದ ಮೇಲೆ ಅದನ್ನು ಬದುಕಿ ತೋರಿಸಿದವನು ಈ ಕುರುಬ.

ಶಾಮೋನಿಯ ಓಟದಲ್ಲಿ ಇದು ನಿಯಮವೇ ಆಗಿದೆ. ಅಪಾಯದಲ್ಲಿರುವವರನ್ನು ಕಂಡ ಓಟಗಾರ ನಿಂತು ನೆರವಾಗಬೇಕು, ರಕ್ಷಣಾ ಪಡೆಗೆ ತಿಳಿಸಬೇಕು. ಮೊದಲಿಗನಾಗಿದ್ದರೂ ಸರಿ, ಗಾಯಾಳುವನ್ನು ದಾಟಿ ಹೋಗುವಂತಿಲ್ಲ. ಯೆರಿಕೋವಿನ ದಾರಿಯಲ್ಲಿ ಬಿದ್ದವನನ್ನು ಕಂಡೂ ಆಚೆ ಬದಿಯಿಂದ ಹೋದವರ ಕತೆ ಬಲ್ಲ ನಮಗೆ ಈ ನಿಯಮ ಹೊಸದಲ್ಲ.

ಬೆಟ್ಟಗಳನ್ನು ಪ್ರೀತಿಸಿದವರು

ಮೋಂ ಬ್ಲಾಂನಿಂದ ಬಹಳ ದೂರವಿಲ್ಲದ ಇನ್ನೊಂದು ಘಾಟಿಯಲ್ಲಿ, 2,469 ಮೀಟರ್ ಎತ್ತರದಲ್ಲಿ, ಸುಮಾರು ಸಾವಿರ ವರ್ಷದ ಹಿಂದೆ ಸಂತ ಬರ್ನಾರ್ಡರು ಒಂದು ಆಸರೆಮನೆ ಕಟ್ಟಿದರು. ಹಿಮದಲ್ಲಿ ದಾರಿ ತಪ್ಪಿದವರನ್ನು ಅಲ್ಲಿನ ಗುರುಗಳು ಹುಡುಕಿ ತರುತ್ತಿದ್ದರು. ಅವರ ದೊಡ್ಡ ನಾಯಿಗಳು ಲೋಕಪ್ರಸಿದ್ಧ. 1923ರಲ್ಲಿ ಜಗದ್ಗುರು ಹನ್ನೊಂದನೇ ಪಯಸ್ ಅವರು ಸಂತ ಬರ್ನಾರ್ಡರನ್ನು ಬೆಟ್ಟ ಹತ್ತುವವರ ಪಾಲಕರೆಂದು ಸಾರಿದರು. ಆ ಜಗದ್ಗುರುಗಳೂ ಬೆಟ್ಟ ಬಲ್ಲವರೇ. ಗುರುಗಳಾಗಿದ್ದಾಗ 1890ರಲ್ಲಿ ಅವರು ಮೋಂ ಬ್ಲಾಂ ಹತ್ತಿದ್ದರು. ಸಂತ ದ್ವಿತೀಯ ಜಾನ್ ಪಾಲರು ಇಟಲಿಯ ಬದಿಯ ಲೇ ಕೋಂಬ್ ಹಳ್ಳಿಯಲ್ಲಿ ಹಲವು ಬೇಸಿಗೆಗಳಲ್ಲಿ ತಂಗಿ, ಕಾಲುಹಾದಿಗಳಲ್ಲಿ ನಡೆದಾಡಿದ್ದರು.

ನಮ್ಮ ಯುವಕರು ನೆನಪಿಡಬೇಕಾದವರು ಸಂತ ಪಿಯೆರ್ ಜಾರ್ಜಿಯೊ ಫ್ರಸ್ಸಾತಿ. 1901ರಲ್ಲಿ ಇಟಲಿಯ ತೂರಿನ್ ನಗರದ ಶ್ರೀಮಂತ ಮನೆಯಲ್ಲಿ ಹುಟ್ಟಿದರು. ಗೆಳೆಯರನ್ನು ಕಟ್ಟಿಕೊಂಡು ಬೆಟ್ಟ ಹತ್ತುವುದೆಂದರೆ ಪ್ರಾಣ. ಬಲಿಪೂಜೆ ತಪ್ಪಿಸುತ್ತಿರಲಿಲ್ಲ. ಕೈಗೆ ಬಂದ ಹಣವನ್ನು ಬಡವರ ಮನೆಗಳಿಗೆ ಮುಟ್ಟಿಸುತ್ತಿದ್ದರು. 1925ರಲ್ಲಿ ಪೋಲಿಯೊ ತಗಲಿ 24ನೆಯ ವಯಸ್ಸಿಗೇ ತೀರಿಕೊಂಡರು. ಶವಯಾತ್ರೆಗೆ ಕಿಕ್ಕಿರಿದು ಬಂದ ಬಡವರನ್ನು ಕಂಡಾಗಲೇ ಮಗ ಎಂಥವನಾಗಿದ್ದ ಎಂದು ಮನೆಯವರಿಗೆ ಪೂರ್ತಿ ತಿಳಿದದ್ದು. 2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೇ ಲಿಯೋ ಅವರು ಫ್ರಸ್ಸಾತಿಯವರನ್ನು ಸಂತರೆಂದು ಘೋಷಿಸಿದರು.

ನಮ್ಮ ಬೆಟ್ಟ, ನಮ್ಮ ಮಕ್ಕಳು

ನಮಗೂ ಬೆಟ್ಟದ ದಾರಿ ಹೊಸದೇನಲ್ಲ. ತಪಸ್ಸುಕಾಲದಲ್ಲಿ ಮಲಯಾಟ್ಟೂರಿನ ಬೆಟ್ಟವನ್ನು ಶಿಲುಬೆ ಹೊತ್ತು ಹತ್ತಿದವರು ನಮ್ಮ ನಡುವೆ ಇದ್ದಾರೆ. ರಾಣಿಪುರಂ ಕೂಡ ಹಿಂದೆ ಮಾಡತ್ತುಮಲ ಎನಿಸಿಕೊಂಡಿತ್ತು. 1970ರಲ್ಲಿ ಕೋಟ್ಟಯಂ ಧರ್ಮಪ್ರಾಂತ್ಯದ ವತಿಯಿಂದ ಅಲ್ಲಿ ಜನ ನೆಲೆಸಿದಾಗ ರಾಣಿ ಮರಿಯಳ ನೆನಪಿಗೆ ಈ ಹೆಸರು ಬಂತು.

ಬೆಟ್ಟದ ಓಟದ ಆಸೆ ಹುಟ್ಟಿದ ಮಕ್ಕಳನ್ನು ತಡೆಯುವುದು ಬೇಡ. ಆದರೆ ಕೆಲವು ಮಾತು ಹೇಳಿಕೊಡೋಣ. ಮೊದಲು ಕೆಲವು ತಿಂಗಳು ನಡಿಗೆ, ಆಮೇಲೆ ಓಟ. ಒಬ್ಬರೇ ಹೋಗಬಾರದು. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಮನೆಯಲ್ಲಿ ಹೇಳಿ ಹೋಗಬೇಕು. ಮಳೆಗಾಲದಲ್ಲಿ ಮುರಕಲ್ಲು ಪಾಚಿ ಹಿಡಿದು ಜಾರುತ್ತದೆ, ಉಂಬಳದ ಕಾಟ ಬೇರೆ. ನಮ್ಮ ಘಟ್ಟದ ಕಾಡುಗಳಲ್ಲಿ ಆನೆಗಳಿವೆ, ಅರಣ್ಯ ಇಲಾಖೆಯವರ ಮಾತು ಮೀರಬಾರದು. ಬೆವರು ಹರಿದಾಗ ಬರೀ ನೀರು ಸಾಲದು, ಉಪ್ಪೂ ಬೇಕು. ನಮ್ಮ ಅಜ್ಜಿಯರು ಕೊಡುತ್ತಿದ್ದ ಉಪ್ಪು ಹಾಕಿದ ಗಂಜಿತಿಳಿ ಇದಕ್ಕೆ ಒಳ್ಳೆಯದು. ಎದೆನೋವು, ತಲೆಸುತ್ತು ಕಂಡರೆ ಅಲ್ಲೇ ನಿಲ್ಲಬೇಕು, ವೈದ್ಯರನ್ನು ಕಾಣಬೇಕು.

ನಿಲ್ಲುವ ಮಾತು ಬಂತಲ್ಲ, ಈ ಓಟದಿಂದ ನಾನು ಕಲಿತದ್ದೂ ಅದನ್ನೇ. ಶಾಮೋನಿಯಿಂದ ಹೊರಟವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜನ ಸುತ್ತು ಮುಗಿಸುವುದಿಲ್ಲ. ವರ್ಷಗಟ್ಟಲೆ ಅಭ್ಯಾಸ ಮಾಡಿ, ಅರ್ಹತೆಯ ಓಟಗಳನ್ನು ಓಡಿ, ಚೀಟಿ ಎತ್ತಿದಾಗ ಹೆಸರು ಬಂದು, ದೂರದೇಶದಿಂದ ಬಂದವರು ಅವರು. ಕೂರ್ಮಾಯರಿನಲ್ಲೋ ಶಾಂಪೆಯಲ್ಲೋ ಕುಳಿತು, ಇನ್ನು ಆಗದು ಎಂದು ಎದೆಯ ಮೇಲಿನ ಸಂಖ್ಯೆಯನ್ನು ಮರಳಿಸುತ್ತಾರೆ. ಬಸ್ಸಿನಲ್ಲಿ ಶಾಮೋನಿಗೆ ಬರುತ್ತಾರೆ. ಯಾರೂ ಅವರನ್ನು ಸೋತವರೆಂದು ಜರಿಯುವುದಿಲ್ಲ. ಅನೇಕರು ಮುಂದೊಂದು ವರ್ಷ ಮತ್ತೆ ಬಂದು ಮುಗಿಸುತ್ತಾರೆ. ಬೆಟ್ಟ ಅಲ್ಲೇ ಇರುತ್ತದೆ.

ನಮ್ಮ ಮನೆಗಳಲ್ಲಿ ಹೀಗಿದೆಯೇ? ಪರೀಕ್ಷೆಯಲ್ಲಿ ನಪಾಸಾದ ಮಗ, ಪಟ್ಟಣದ ಕೆಲಸ ಬಿಟ್ಟು ಬಂದ ಮಗಳು ಊರ ಬಸ್ಸಿನಿಂದ ಇಳಿದಾಗ ನಾವು ಯಾವ ಮುಖದಿಂದ ಎದುರುಗೊಳ್ಳುತ್ತೇವೆ? ನೆರೆಯವರು ಏನೆಂದಾರು ಎಂಬ ಚಿಂತೆ ಮೊದಲೋ, ಮಗು ಜೀವಂತ ಮನೆಗೆ ಬಂತೆಂಬ ಸಂತೋಷ ಮೊದಲೋ? ಫಲಿತಾಂಶದ ದಿನಗಳಲ್ಲಿ ಪತ್ರಿಕೆಗಳಲ್ಲಿ ಬರುವ ದುಃಖದ ಸುದ್ದಿಗಳನ್ನು ಓದುವಾಗಲೆಲ್ಲ ಈ ಪ್ರಶ್ನೆ ಕಾಡುತ್ತದೆ. ದುಂದುಗಾರ ಮಗನ ತಂದೆ ಲೆಕ್ಕ ಕೇಳಲು ಬಾಗಿಲಲ್ಲಿ ನಿಂತಿರಲಿಲ್ಲ. ದೂರದಲ್ಲಿ ಕಂಡೊಡನೆ ಓಡಿಹೋಗಿ ಅಪ್ಪಿಕೊಂಡ. ಆ ಸಾಮತಿಯಲ್ಲಿ ಓಡಿದವನು ತಂದೆ!

ಸಂತ ಪೌಲರು ವಿಶ್ವಾಸದ ಬಾಳನ್ನು ಓಟಕ್ಕೆ ಹೋಲಿಸಿ ಬರೆದಿದ್ದಾರೆ. ಕೊನೆಗಾಲದಲ್ಲಿ ತಮ್ಮ ಓಟ ಮುಗಿಸಿದ ಸಮಾಧಾನವನ್ನು ಶಿಷ್ಯನಿಗೆ ತಿಳಿಸಿದರೇ ಹೊರತು ಎಷ್ಟನೆಯವರಾಗಿ ಬಂದರೆಂದು ಎಣಿಸಲಿಲ್ಲ.

ಶಾಮೋನಿಯಲ್ಲಿ ಭಾನುವಾರ ಮಧ್ಯಾಹ್ನ ಕಳೆಯುತ್ತದೆ. ಗೆದ್ದವರು ಶನಿವಾರವೇ ಬಂದು ಮಲಗಿ ಎದ್ದಾಗಿದೆ. ಆದರೂ ಚೌಕದಲ್ಲಿ ಜನ ಕರಗಿಲ್ಲ. ಅವಧಿ ಮುಗಿಯಲು ಕೆಲವೇ ನಿಮಿಷಗಳಿರುವಾಗ ಬೀದಿಯ ತಿರುವಿನಲ್ಲಿ ಒಬ್ಬರು ಕಾಣಿಸುತ್ತಾರೆ. ಕುಂಟುತ್ತಾ, ಮೈಯೆಲ್ಲ ಧೂಳಾಗಿ, ಮಗುವಿನ ಕೈ ಹಿಡಿದು. ಮೊದಲಿಗನಿಗೆ ಬಿದ್ದದ್ದಕ್ಕಿಂತ ಜೋರಾದ ಚಪ್ಪಾಳೆ ಅವರಿಗೆ ಬೀಳುತ್ತದೆ. ಅವರು ಸಂತ ಮಿಖಾಯೇಲರ ದೇವಾಲಯದ ಎದುರು, ಹೊರಟ ಜಾಗಕ್ಕೇ ಬಂದು ನಿಲ್ಲುತ್ತಾರೆ.

ನಾವೂ ದೇವರ ಮನೆಯಿಂದ ಹೊರಟವರು, ಅಲ್ಲಿಗೇ ಮರಳಬೇಕಾದವರು. ದಾರಿಯಲ್ಲಿ ಬಿದ್ದವರನ್ನು ದಾಟಿ ಹೋಗದಿರೋಣ. ತಡವಾಗಿ ಬರುವವರಿಗೆ ಬಾಗಿಲು ತೆರೆದಿಟ್ಟು ಕಾಯೋಣ. ಆ ತಾಳ್ಮೆಯನ್ನು ಪ್ರಭು ನಮ್ಮ ಕುಟುಂಬಗಳಿಗೆ ದಯಪಾಲಿಸಲಿ.